ಬೂಚ ತಗೀಬ್ಯಾಡ ತಮ್ಮಾ

ಹೋದ ಐತವಾರ ನಮ್ಮ ಅಕ್ಕನ ಮಗಳು ನನ್ನ ಕಾರಿನ ಸೀಟಿನ ಸಂದ್ಯಾಗ ಕೈ ಹಾಕಿ ಒಂದ ಹಳದಿ ಪ್ಲಾಸ್ಟಿಕ್ ಬೂಚ, ಅಂದ್ರ ಬಾಯಿ ಮುಚ್ಚೋ ಬಿರಡಿ, ತಗದ್ಲು. ಹುಣಸಿಬೀಜದಷ್ಟ ಐತಿ. ತಗದಾಕಿ ಸೀದಾ ಬಾಯಾಗ ಇಟ್ಕೊಳ್ಳಾಕ ಹೊಂಟಿದ್ಲು, ಕಸಗೊಂಡು ಮೂಗಿಗೆ ಹಿಡದ್ನಿ. ಎಣ್ಣಿ ವಾಸನಿ ಇನ್ನೂ ಸಣ್ಣಗ ಇತ್ತು. ಬೂಚಿನ ಸಂದ್ಯಾಗ ಒಂದೀಟ ವಿಭೂತಿನೂ ಇತ್ತು. ಕಾರಿನ ಸಾಮಾನಿಗೆ ವಿಭೂತಿ ಹೆಂಗ ಬಂತು ಅಂತೀರೇನು? ನನ್ನಂಥ ಶಾಣ್ಯಾ ಇದ್ದಲ್ಲೆ ಏನ ಬೇಕಾದ್ರೂ ಬರ್ತೈತಿ...

ಜಮಖಂಡ್ಯಾಗ ಬಸ್ ಸ್ಟ್ಯಾಂಡ್ ದಾಟಿ ಒಂದ ಬೇವಿನ ಗಿಡದ ಕೆಳಗ ತಗಡಿನ ಶೆಡ್ ಇತ್ತು. ಅಲ್ಲೆ ಮಿಸ್ತ್ರಿ ಕಾಕಾ ಬರೇ ಕಾರಿನ ಎಸಿ ರಿಪೇರಿ ಮಾಡ್ತಿದ್ರು. ಊರಾನ ಕಾರೆಲ್ಲಾ ಥಂಡ ಮಾಡಿ, ತಾವು ಮಾತ್ರ ತಲಿಮ್ಯಾಲ ಹಸಿ ಟಾವೆಲ್ ಹಾಕ್ಕೊಂಡ ಕೂಡ್ತಿದ್ರು. ಶೆಡ್ಡಿನ ಹಿಂದ ಅವರದೊಂದ ಹಳೇ ವ್ಯಾನ್ ನಿಂತಿತ್ತು. ಅದರ ಎಸಿ ಕೆಟ್ಟು ಎಷ್ಟ ವರ್ಷಾಗಿತ್ತೋ ಅವರಿಗೇ ನೆನಪಿರಲಿಲ್ಲ.

ಮೂರ ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳು. ಜಮಖಂಡಿ ದವಾಖಾನ್ಯಾಗ ನಮ್ಮ ಅಕ್ಕ ಹಡದ್ಲು, ಹೆಣ್ಣ ಕೂಸು. ನಾ ಮೊದಲನೇ ಸಲ ಸೋದರಮಾವ ಆಗಿದ್ನಿ, ಕಾಲ ನೆಲದ ಮ್ಯಾಲ ಇರಲಿಲ್ಲ. ನಾ ಕೆಲಸಾ ಮಾಡೋ ಸಕ್ರಿ ಕಾರ್ಖಾನ್ಯಾಗ ಕಾವಲಗಾರನಿಂದ ಸಾಹೇಬರ ತನಕ ಪೇಢಾ ಹಂಚಿದ್ನಿ. ಒಬ್ಬ ಲಾರಿ ಡ್ರೈವರಗ ಎರಡ ಸಲ ಕೊಟ್ನಿ, ಅಂವ ಸುಮ್ಮನ ತಿಂದ. ಅದ ಹುರುಪಿನ್ಯಾಗ ಬನಹಟ್ಟಿ ಭಾವಗ ಫೋನ್ ಮಾಡಿ, ಐತವಾರ ಕೂಸು ಥಂಡ ಕಾರಿನ್ಯಾಗ ಗಲಗಲಿಗೆ, ನಮ್ಮ ಮನಿಗೆ ಹೋಗ್ತೈತಿ, ನೀವೇನೂ ಚಿಂತಿ ಮಾಡಬ್ಯಾಡ್ರಿ ಅಂದಬಿಟ್ನಿ. ಭಾವ ನಕ್ಕ. ನಿನ್ನ ಕಾರು ಥಂಡ ಆಗಲಿಲ್ಲಂದ್ರ ಹೇಳು, ನಮ್ಮ ದೋಸ್ತಂದು ಹೊಸಾ ಗಾಡಿ ತರ್ತೀನಿ ಅಂದ. ಮಾವನ ಮರ್ಯಾದಿ ಪ್ರಶ್ನಿ ಬಂತು ನೋಡ್ರಿ.

ನನ್ನ ಕಾರು ಅಂದ್ರ ಇಪ್ಪತ್ತ ವರ್ಷದ ಮುದುಕ. ಎಸಿ ಹಚ್ಚಿದ್ರ ಬಿಸಿ ಗಾಳಿ ಬರ್ತಿತ್ತು, ಜತಿಗೆ ಕಬ್ಬಿನ ಒಣಗಿದ ಎಲಿ, ರವದಿ ಚೂರು. ಕಂಪ್ರೆಸರ್ ಒಂದ ಬದಲಿ ಮಾಡಿದ್ರ ಮುಗೀತು ಅಂತ ಸೆಕೆಂಡ್‌ಹ್ಯಾಂಡ್ ಒಂದ ಹೊತಗೊಂಡ ಹೋದ್ನಿ. ಕಾಕಾ ಪೈಪ್ ಬಿಚ್ಚಿ ಬೆರಳ ತೋರಿಸಿದ್ರು. ಕರಿ ಎಣ್ಣಿ, ಅದರಾಗ ಮಿಣಮಿಣ ಕಬ್ಬಿಣದ ಪುಡಿ.

"ಒಡದ ಹಾಲಿನ ಪಾತೇಲಿ ತೊಳೀದ ಹೊಸಾ ಹಾಲ ಕಾಸ್ತಿಯೇನ ತಮ್ಮಾ?"

ಪೈಪೆಲ್ಲಾ ತೊಳೀಬೇಕು, ರಬ್ಬರ್ ರಿಂಗೆಲ್ಲಾ ಹೊಸಾವ ಹಾಕಬೇಕು, ಡ್ರಾಯರೂ ಹೊಸಾದ ಬೇಕು ಅಂದ್ರು. ಡ್ರಾಯರ್ ಅಂದ್ರ ಸಣ್ಣ ತಂಬಿಗಿಯಷ್ಟ ಡಬ್ಬಿ. ಒಳಗಿನ ಹಸಿ ಎಲ್ಲಾ ಹೀರಿಕೊಳ್ಳೋದ ಅದರ ಕೆಲಸ. ಅದರ ಎರಡೂ ಬಾಯಿಗೆ ಬೂಚ ಇರ್ತಾವು, ಎಲ್ಲಾ ಕೂಡಿಸಿದ ಮ್ಯಾಲ ಕಡೀಕ ತಗೀಬೇಕು, ಇಲ್ಲಂದ್ರ ಸುಟ್ಟ ಹಪ್ಪಳ ಗಾಳಿಗಿಟ್ಟಂಗ ಆಗ್ತೈತಿ ಅಂತ ಬಿಡಿಸಿ ಹೇಳಿದ್ರು. ನಾ ಹೊಂಡುಮುಂದ ಮತ್ತೊಮ್ಮೆ ಅಂದ್ರು, "ಬೂಚ ತಗೀಬ್ಯಾಡ ತಮ್ಮಾ."

ಶುಕ್ರವಾರ ಸಂಜಿಮುಂದ ಅಂಗಡ್ಯಾಗ ಉಳದಿದ್ದ ಒಂದ ಒಂದು ಡ್ರಾಯರ್ ತಗೊಂಡು ಮನಿಗೆ ಬಂದ್ನಿ. ಬಾಗಲದಾಗ ನಮ್ಮ ಆಯಿ, ಅಂದ್ರ ಅವ್ವನ ಅವ್ವ, ನಿಂತಿದ್ಲು. ಆಕಿ ಕಾಯ್ದೆ ಒಂದ: ಹೊಸಾ ಸಾಮಾನು ಏನ ಬಂದ್ರೂ ತೊಳದು, ವಿಭೂತಿ ಹಚ್ಚಿ, ಆಮ್ಯಾಲ ಒಳಗ. ನನ್ನ ಹೊಸಾ ಮೊಬೈಲಿಗೂ ನೀರ ಗೊಜ್ಜಿದಾಕಿ. ಡ್ರಾಯರ್ ಹೊರಗ ತೊಳದಿದ್ರ ಏನೂ ಆಗ್ತಿರಲಿಲ್ಲ. ಆದ್ರ ಕೂಸಿಗೆ ಗಾಳಿ ಕೊಡೋ ಸಾಮಾನು ಅಲ್ಲೇನು, ಒಳಗೂ ಸ್ವಚ್ಛ ಆಗಲಿ ಅಂತ ನಾನ ಬೂಚ ಕಿತ್ತು ಒಂದ ತಂಬಿಗಿ ನೀರ ಹುಯ್ದ್ನಿ. ಗಳಗಳ ಅಲುಗಾಡಿಸಿ, ಚೆಲ್ಲಿ, ಬಾಯಿಲೆ ಊದಿ, ಮೂರ ಬೆರಳ ವಿಭೂತಿ ಬಳದು, ಬೂಚ ಒತ್ತಿ ಕೂಡಿಸಿದ್ನಿ. ಭಾರಿ ಸಮಾಧಾನ ಆತು.

ಶನಿವಾರ ಮಧ್ಯಾಹ್ನ ಕಾಕಾ ಎಲ್ಲಾ ಜೋಡಿಸಿ ಕಡೀಕ ಡ್ರಾಯರಿಗೆ ಕೈ ಚಾಚಿದ್ರು. ವಿಭೂತಿ ನೋಡಿ ಕೈ ಮುಗದ್ರು. ಬೂಚ ತಗದು ಡಬ್ಬಿ ಬೋರಲ ಹಾಕಿದ್ರು. ಅಂಗೈ ಮ್ಯಾಲ ಒಂದ ಹನಿ ಬಿತ್ತು, ಹಿಂದ ಇನ್ನೊಂದು.

"ಇದಕ್ಕ ಜಳಕಾ ಮಾಡಿಸಿಯೇನು?"

ಎಲ್ಲಾ ಒದರಿಬಿಟ್ನಿ. ಕಾಕಾ ನಕ್ಕ ನಕ್ಕ ತಲಿಮ್ಯಾಲಿನ ಟಾವೆಲ್ ಕೆಳಗ ಬಿತ್ತು. ಆಮ್ಯಾಲ ನಗಿ ನಿಂತತು. ಇದನ್ನ ಹಾಕಿದ್ರ ನಾಳೆ ಥಂಡ ಆದೀತು, ನಾಕ ದಿನದಾಗ ಒಳಗ ಬರ್ಫ ಕಟ್ಟಿ ಕಂಪ್ರೆಸರೂ ಹೋಗ್ತೈತಿ ಅಂದ್ರು. ನಾಳೆ ಒಂದ ದಿನ ನಡದ್ರ ಸಾಕ್ರಿ ಕಾಕಾ ಅಂತ ಗೋಗರದ್ನಿ. ಒಂದ ದಿನದ ಕೆಲಸ ನಾ ಮಾಡಂಗಿಲ್ಲ ಅಂತ ಬೂಚ ನನ್ನ ಕಡೆ ಒಗದ್ರು, ಅದು ಕಾರಿನೊಳಗ ಹೋಗಿ ಬಿತ್ತು. ಇನ್ನೊಂದು ಹುಬ್ಬಳ್ಳಿಯಿಂದ ತರಸಿದ್ರ ಸೋಮವಾರ ಬರ್ತಿತ್ತು. ಭಾವಗ ಫೋನ್ ಮಾಡಾಕ ಮೊಬೈಲ್ ತಗದ್ನಿ...

ಅಷ್ಟರಾಗ ಕಾಕಾ ವ್ಯಾನಿನ್ಯಾಗಿಂದ ಧೂಳ ಹಿಡದ ಒಂದ ರಟ್ಟಿನ ಡಬ್ಬಿ ತಂದ್ರು. ಒಳಗ ಹೊಸಾ ಡ್ರಾಯರ್. ಅಳತಿ ಒಂದ. ಎರಡೂ ಬೂಚ ಬಿಗಿ. ತಮ್ಮ ವ್ಯಾನಿಗಂತ ಎಂದೋ ತಂದಿಟ್ಟದ್ದು. ಬ್ಯಾಡ್ರಿ ಅಂದ್ನಿ.

"ನನ್ನ ವ್ಯಾನಿನ್ಯಾಗ ಕೂಸಿಲ್ಲೋ. ಮುಂದ ಯಾವಾಗರೆ ಒಂದ ತಂದ ಕೊಡು."

ಬೂಚ ಮಾತ್ರ ನನ್ನ ಕೈಲೆ ತಗಸಿದ್ರು, ಪೈಪ್ ಹಿಡಕೊಂಡು ನಿಂತು, ಈಗ ತಗಿ ಅಂತ. ಪಂಪ್ ಹಚ್ಚಿ ಒಳಗಿನ ಗಾಳಿ ಎಲ್ಲಾ ಎಳದ್ರು, ಗ್ಯಾಸ್ ತುಂಬಿದ್ರು. ಕಾರಿನೊಳಗ ಗಾಳಿ ಬರೋ ಜಾಳಗಿಗೆ ಮಾರಿ ಒಡ್ಡಿ ಕುಂತ್ನಿ. ಮಡಿಕಿ ನೀರ ಗೊಜ್ಜಿದಂಗ ಥಂಡ. ಗಿಡದ ಕೆಳಗ ಕುಣದಬಿಟ್ನಿ, ಸ್ಪ್ಯಾನರ್ ಪೆಟಿಗಿ ಎಡವಿ ಬಿದ್ನಿ.

ಐತವಾರ ದವಾಖಾನಿ ಮುಂದ ಹತ್ತ ಮಿನಿಟ ಮೊದಲ ಎಸಿ ಹಚ್ಚಿಟ್ಟಿದ್ನಿ. ಅಕ್ಕ ಕಿವಿ, ತಲಿ ಎಲ್ಲಾ ಸ್ಕಾರ್ಫಿಲೆ ಸುತಗೊಂಡ ಬಂದ್ಲು. ಆಯಿ ಬಾಗಲಾ ತಗದ್ಲು, ಗಾಳಿ ಬಡೀತು, ನನ್ನ ನೋಡಿದ್ಲು.

"ಹಸಿ ಬಾಣಂತಿಗೆ ಥಂಡಿ ಹೊಡಸ್ತಿಯೇನ ಮೂಳಾ? ಬಂದ್ ಮಾಡೋ."

ಒಂದ ವಾರ ಒದ್ದಾಡಿದ್ನಿ, ಈ ಮಾತ ಒಮ್ಮೆರೆ ತಲ್ಯಾಗ ಬಂದಿದ್ರ ಕೇಳ್ರಿ. ಎಸಿ ಬಂದ್, ಮ್ಯಾಲ ಕಿಟಕಿನೂ ಬಂದ್. ಕೂಸು ತೋರಸಾಕ ಶೆಡ್ಡಿನ ಮುಂದ ಗಾಡಿ ನಿಂದ್ರಿಸಿ ಕಿಟಕಿ ಇಳಿಸಿದ್ನಿ. ಕಾಕಾ ಬಗ್ಗಿ, ಥಂಡ ಐತಿಲ್ಲೋ ಅಂತ ಕೇಳಿದ್ರು. ನನ್ನ ಮೂಗಿನ ತುದಿಯಿಂದ ಬೆವರ ತಟಕ್ ಅಂತು. ಭಾರಿ ಥಂಡ ಐತ್ರಿ ಅಂದ್ನಿ. ಅವರು ಸ್ವಿಚ್ ನೋಡಿದ್ರು, ಆಯಿ ಮಾರಿ ನೋಡಿದ್ರು. ಎಣ್ಣಿ ಬೆರಳ ಟಾವೆಲಿಗೆ ಒರಸಿ ಕೂಸಿನ ಮುಂದ ಹಿಡದ್ರು. ಕೂಸು ಗಟ್ಟಿ ಹಿಡಕೊಂತು.

ಮುಂದ ಯಾವಾಗರೆ ಅಂದ್ರಲ್ಲ, ನಾನೂ ಯಾವಾಗರೆ ಅಂತ ಕುಂತ್ನಿ. ಕಾರ್ಖಾನಿ ಸೀಜನ್ ಮುಗೀಲಿ, ದೀಪಾವಳಿ ಬರಲಿ... ಒಂದೂವರಿ ವರ್ಷ ಆತು. ಒಂದಿನ ಡ್ರಾಯರ್ ತಗೊಂಡು ಹೋದ್ರ ಶೆಡ್ಡಿಗೆ ಕೀಲಿ. ಬಾಜೂಕ ಪಂಕ್ಚರ್ ತಿದ್ದಾಂವ ಹೇಳಿದ, ಕಾಕಾ ಬ್ಯಾಸಿಗ್ಯಾಗ ತೀರಿಕೊಂಡಬಿಟ್ರು ಅಂತ. ವ್ಯಾನ್ ಅಲ್ಲೇ ನಿಂತಿತ್ತು, ಕಿಟಕಿ ಎಲ್ಲಾ ಇಳಸಿದ್ದು.

ಹೋದ ಐತವಾರ ಬೂಚ ಕಸಗೊಂಡದ್ದಕ್ಕ ಹುಡಿಗಿ ಸಿಟ್ಟ ಮಾಡ್ಕೊಂಡ್ಲು. ಆಮ್ಯಾಲ ಮಾಮಾ ಎಸಿ ಹಚ್ಚ ಅಂದ್ಲು, ಹಚ್ಚಿದ್ನಿ. ಇನ್ನೂ ಮಡಿಕಿ ನೀರಿನಂಗ ಥಂಡ ಬರ್ತೈತಿ. ಮನಿಗೆ ಬಂದು ಕಪಾಟ ತಗದ್ನಿ. ಅವರಿಗಂತ ತಂದ ಡ್ರಾಯರ್ ಅಲ್ಲೇ ಐತಿ. ಆಯಿಗೆ ಮುಟ್ಟಗೊಟ್ಟಿಲ್ಲ, ನೀರ ಹಚ್ಚಿಲ್ಲ, ವಿಭೂತಿನೂ ಹಚ್ಚಿಲ್ಲ. ಎರಡೂ ಬೂಚ ಬಿಗಿ ಅದಾವು ಕಾಕಾ... ನಾ ತಗದಿಲ್ಲ.