ನಾಮದ ಕೋಳಿ ಬಲೆಗೆ ಬಿದ್ದ ಭಾನುವಾರ

ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರು. ಚಳಿಗಾಲ ಬಂತೆಂದರೆ ಭಾನುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಹಳೇಕೋಟೆ ಕಡೆಗಿರುವ ಸೋದರಮಾವನ ಊರಿಗೆ ಹೋಗಿ, ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ಕೂರುತ್ತೇನೆ. ಎಲ್ಲಿಂದಲೋ ಬಂದ ಬಾತುಗಳು ನೀರಿನ ಮಧ್ಯೆ ನಿದ್ದೆ ಮಾಡುತ್ತಿರುತ್ತವೆ. ಜೊಂಡಿನ ಅಂಚಿನಲ್ಲಿ ನಾಮದ ಕೋಳಿಗಳ ಗಲಾಟೆ. ಮೈಯೆಲ್ಲ ಮಸಿ ಬಳಿದಂತೆ ಕಪ್ಪು, ಹಣೆಯ ಮೇಲೆ ಬೆಳ್ಳಗೆ ನಾಮ. ನಮ್ಮ ಕಡೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ, ಜೊಂಡಿನ ಪಕ್ಕ ಒಂದು ನಾಮದ ಕೋಳಿ ರೆಕ್ಕೆ ಬಡಿಯುತ್ತಿತ್ತು. ಸ್ನಾನ ಮಾಡುತ್ತಿದೆ ಎಂದುಕೊಂಡೆ. ಕಾಲು ಗಂಟೆಯಾದರೂ ಅದು ಇದ್ದಲ್ಲೇ ಇತ್ತು. ದುರ್ಬೀನು ಸರಿಮಾಡಿಕೊಂಡು ನೋಡಿದರೆ ಅದರ ಪಕ್ಕದಲ್ಲಿ ಥರ್ಮಾಕೋಲಿನ ಬಿಳಿ ತುಂಡುಗಳು ಸಾಲಾಗಿ ತೇಲುತ್ತಿದ್ದವು. ಮೀನಿನ ಬಲೆ. ಕಾಲು ಸಿಕ್ಕಿಹಾಕಿಕೊಂಡಿತ್ತು.

ನನಗೆ ಈಜು ಬರುವುದಿಲ್ಲ. ಕೆರೆ ಕೆಳಗಿನ ತೋಟದಲ್ಲಿ ತೆಂಗಿಗೆ ನೀರು ಕಟ್ಟುತ್ತಿದ್ದ ಮಾವನನ್ನು ಕೂಗಿದೆ. ಮಾವ ಪಂಚೆ ಎತ್ತಿ ಕಟ್ಟಿಕೊಂಡು ಏರಿ ಹತ್ತಿ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

"ಅಯ್ಯೋ, ನಾಮದ್ ಕೋಳಿ ಕಣವ್ವಾ. ನಾನು ಯಾರೋ ಕೆರೆಗ್ ಬಿದ್ಬುಟ್ರೇನೋ ಅಂತ ಓಡ್ಬಂದೆ!"

"ಸಾಯ್ತಾ ಇದೆ ಮಾವ."

"ದಿನಾ ಸಾಯ್ತವೆ. ನೀನು ಇವತ್ತು ನೋಡ್ದೆ ಅಷ್ಟೆ."

ಸಿಟ್ಟು ಬಂತು. ಕಾಡುಪ್ರಾಣಿಗಳ ವಿಷಯಕ್ಕೆ ಫೋನ್ ಮಾಡಬೇಕಾದ ಕಚೇರಿಯ ನಂಬರು ನನ್ನ ಬಳಿ ಇತ್ತು, ಮಾಡಿದೆ. ಆ ಕಡೆಯವರು ತಾಳ್ಮೆಯಿಂದಲೇ ಕೇಳಿಸಿಕೊಂಡರು. "ಕೋಳಿ ಅಂದ್ರೆ ಮೇಡಂ, ಸಾಕಿರೋದಾ?" ಸಾಕಿದ್ದಲ್ಲ, ನೀರಿನ ಹಕ್ಕಿ ಎಂದೆ. "ಮತ್ತೆ ಕೋಳಿ ಅಂದ್ರಲ್ಲ?" ಹೆಸರು ಹಾಗೆ ಎಂದು ವಿವರಿಸಿದೆ. ಕೆರೆಯೊಳಗಿನದಾದರೆ ಮೀನಿನವರನ್ನು ಕೇಳಿ, ಇವತ್ತು ಭಾನುವಾರ ಬೇರೆ, ನಾಳೆ ಒಂದು ಅರ್ಜಿ ಕೊಡಿ ಎಂದರು. ನಾಳೆ ಅರ್ಜಿಯಲ್ಲಿ ಏನು ಬರೆಯಲಿ, ಸತ್ತಿತು ಅಂತಲೇ?

ಹಾಸನದಲ್ಲಿ ನನಗೆ ಗೊತ್ತಿರುವ ಒಬ್ಬ ಫೋಟೋಗ್ರಾಫರ್ ಇದ್ದಾರೆ. ಹಿಂದಿನ ವಾರವಷ್ಟೇ ಇದೇ ಕೆರೆಗೆ ಬಂದು ಪಟ್ಟೆತಲೆಯ ಹೆಬ್ಬಾತುಗಳ ಫೋಟೋ ತೆಗೆದು, ಇವನ್ನು ಉಳಿಸಿಕೊಳ್ಳೋಣ ಎಂದು ಬರೆದು ಎಲ್ಲರಿಗೂ ಕಳಿಸಿದ್ದರು. ಅವರಿಗೂ ಫೋನ್ ಮಾಡಿದೆ.

"ಹೆಬ್ಬಾತಾ?" ಎಂದರು ಗಾಬರಿಯಿಂದ.

"ಅಲ್ಲ, ನಾಮದ ಕೋಳಿ."

"ಓ..." ಎಂದರು. ಆ 'ಓ' ಇನ್ನೂ ನನ್ನ ಕಿವಿಯಲ್ಲಿದೆ. ಮನೆಗೆ ನೆಂಟರು ಬಂದಿದ್ದಾರಂತೆ.

ಊರೊಳಗೆ ಹೋಗಿ ಮೀನು ಹಿಡಿಯುವವನ ಮನೆ ವಿಚಾರಿಸಿದೆ. ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದ ಅವನ ಹೆಂಡತಿ, ಮೀನು ಹಾಕಿಕೊಂಡು ಚನ್ನರಾಯಪಟ್ಟಣಕ್ಕೆ ಹೋಗಿದ್ದಾರೆ, ಹನ್ನೊಂದು ಗಂಟೆಗೆ ಬರುತ್ತಾರೆ ಎಂದಳು. ವಾಪಸ್ ಏರಿಗೆ ಬಂದು ಕೂತೆ. ಹಕ್ಕಿ ಆಗಾಗ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಸುಮ್ಮನಾದಾಗಲೆಲ್ಲ ಹೋಯಿತು ಎಂದುಕೊಳ್ಳುತ್ತಿದ್ದೆ. ಹತ್ತು ಮಾರು ದೂರದಲ್ಲಿ ಅದರ ಜೊತೆಯವು ಏನೂ ಆಗಿಲ್ಲವೆಂಬಂತೆ ಪಾಚಿ ಕೀಳುತ್ತಿದ್ದವು. ಅವುಗಳ ಮೇಲೂ ರೇಗಿತು.

ಅವನು ಬಂದದ್ದು ಹನ್ನೊಂದೂವರೆಗೆ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಥರ್ಮಾಕೋಲಿನ ತೆಪ್ಪ ನೀರಿಗೆ ತಳ್ಳಿಕೊಂಡು ಹೋದ. ಅಲ್ಲಿಂದಲೇ ಕೂಗಿದ: "ಬಲೆ ಕುಯ್ಯದೆ ಬರಕಿಲ್ಲ ಟೀಚರಮ್ಮ!"

"ಕುಯ್ಯಿ!"

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಕೊಯ್ದ.

ಹಕ್ಕಿಯನ್ನು ಟವೆಲ್ಲಿನಲ್ಲಿ ಸುತ್ತಿ ಕೈಗೆ ಕೊಟ್ಟ. ಕೆಂಪು ಕಣ್ಣು. ತೊಡೆಯವರೆಗೂ ನೈಲಾನ್ ದಾರ ಬಿಗಿದು ಚರ್ಮ ಕಿತ್ತಿತ್ತು. ತೆಗೆದುಕೊಂಡ ತಕ್ಷಣ ನನ್ನ ಹೆಬ್ಬೆರಳನ್ನು ಕಚ್ಚಿತು. ಮಾವನ ಮನೆಯ ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ಹತ್ತಿರದ ದನದ ಆಸ್ಪತ್ರೆಗೆ ಹೋದೆ. ಬಾಗಿಲು ಹಾಕುವ ಹೊತ್ತು. ಅಲ್ಲಿದ್ದ ಕಾಂಪೌಂಡರ್ ನೋಡಿದ, ತಲೆ ಕೆರೆದುಕೊಂಡ. ಒಳ್ಳೆಯವನು. ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿ ಬಿಡಿಸಿ ಔಷಧಿ ಹಚ್ಚಿದ. ಆಮೇಲೆ ರಿಜಿಸ್ಟರ್ ತೆಗೆದ. ಹಸು, ಎಮ್ಮೆ, ಕುರಿ, ಮೇಕೆ, ನಾಯಿ, ಕೋಳಿ, ಇಷ್ಟೇ ಕಾಲಂ. ಕೋಳಿ ಕಾಲಂನಲ್ಲಿ ಗೆರೆ ಎಳೆದು ಕೇಳಿದ: "ಮೊಟ್ಟೆ ಇಕ್ತಾ ಐತಾ ಮೇಡಂ?"

ಬೆಳಗಿನಿಂದ ಒಳಗೇ ಕುದಿಯುತ್ತಿದ್ದ ನಾನು ಅವನ ಮೇಲೆ ಹಾರಿಬಿದ್ದೆ. ಪಾಪ, ಮೀನಿನವನನ್ನು ಬಿಟ್ಟರೆ ಅವನೊಬ್ಬನೇ ಅವತ್ತು ಕೆಲಸ ಮಾಡಿಕೊಟ್ಟಿದ್ದು. ಸಾರಿ ಕೇಳದೆಯೇ ಬಂದುಬಿಟ್ಟೆ. ಅದು ಈಗಲೂ ಚುಚ್ಚುತ್ತದೆ.

ನಾಲ್ಕು ಗಂಟೆಗೆ ಕೆರೆಯಂಚಿನಲ್ಲಿ ಬುಟ್ಟಿ ಓರೆ ಮಾಡಿದೆ. ಅದು ನೀರಿನ ಮೇಲೆ ಪಟಪಟ ಓಡಿತು, ಒಂದು ಕಾಲು ಎಳೆಯುತ್ತಿದ್ದರೂ. ಖುಷಿಪಡಬೇಕು ಅನ್ನುವಷ್ಟರಲ್ಲಿ ನೇರವಾಗಿ ಆ ಬಲೆಯ ಕಡೆಗೇ ಹೋಗಿ ಗುಂಪಿನಲ್ಲಿ ಸೇರಿಕೊಂಡಿತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಅಳು ಬಂತು.

ಮುಂದಿನ ಭಾನುವಾರ ಹೋದಾಗ ಮೀನಿನವನು ಏರಿಯ ಮೇಲೆ ನನಗೇ ಕಾಯುತ್ತಿದ್ದ. ಕಾಲ ಬುಡದಲ್ಲಿ ಎರಡು ಸತ್ತ ನಾಮದ ಕೋಳಿ. "ನಿಮ್ಗ್ ತೋರ್ಸುವಾ ಅಂತ ಮಡಗಿದ್ದೆ" ಎಂದ. ಅಣಕವಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಬಲೆಯನ್ನು ನನ್ನ ಮುಂದೆ ಬಿಡಿಸಿ ಹರಡಿದ. ಅದರ ತುಂಬ ತೂತು, ತೂತಿಗೆಲ್ಲ ಬೇರೆ ಬಣ್ಣದ ದಾರದ ಹೆಣಿಗೆ.

"ನೋಡಿ. ಅವು ಸಾಯ್ತವೆ, ನನ್ ಬಲೆನೂ ಅರೀತವೆ. ಅವು ಸಾಯ್ಲಿ ಅಂತ ನಾನ್ ಬಲೆ ಆಕಲ್ಲ. ಯಾರ್ ಮೇಲ್ ರೇಗಾಡೀರಿ ನೀವು?"

ಹಿಂದಿನ ರಾತ್ರಿ ನಾನೇ, ಮಾವ ಕಳಿಸಿಕೊಟ್ಟಿದ್ದ ಇದೇ ಕೆರೆಯ ಜಿಲೇಬಿ ಮೀನಿನ ಸಾರು ಉಂಡಿದ್ದೆ. ಹಕ್ಕಿಗಳು ಮೇಯುವುದು ಜೊಂಡಿನ ಹತ್ತಿರ, ತೂಬಿನ ಕಡೆ ಆಳಕ್ಕೆ ಅವು ಹೋಗುವುದಿಲ್ಲ. ಬಲೆ ಅಲ್ಲಿ ಬಿಟ್ಟರಾಗದೇ ಎಂದು ಕೇಳಿದೆ.

"ಅಲ್ಲಿ ಜಿಲೇಬಿ ಸಿಗಕಿಲ್ಲ."

"ಬೇರೆ ಮೀನು?"

"ಸಿಕ್ರೆ ಸಿಕ್ತು." ಬೀಡಿ ಹಚ್ಚಿದ. ಪೂರ್ತಿ ಸೇದಿ, ತುಂಡನ್ನು ಏರಿಯ ಕಲ್ಲಿಗೆ ಉಜ್ಜಿ ಆರಿಸಿದ. "ಶಿವರಾತ್ರಿಗಂಟ ಅಲ್ಲೇ ಆಕ್ತೀನಿ. ಅಷ್ಟೊತ್ಗೆ ಇವು ಕಡ್ಮೆ ಆಯ್ತವೆ. ಮುಂದ್ಲೊರ್ಸ ಕೇಳ್ಬೇಡಿ."

ಹೇಳಿದಂತೆಯೇ ನಡೆದುಕೊಂಡ. ಆ ಚಳಿಗಾಲದಲ್ಲಿ ನಾನು ಹೋದ ಭಾನುವಾರಗಳಲ್ಲಿ ಮತ್ತೆ ಸತ್ತ ಹಕ್ಕಿ ಕಾಣಲಿಲ್ಲ. ಅವನಿಗೆ ಮೀನು ಕಡಿಮೆಯಾಯಿತು ಎಂದು ಅವನ ಹೆಂಡತಿ ಮಾತ್ರ ನನ್ನ ಮುಖ ನೋಡುವುದನ್ನು ಬಿಟ್ಟಳು. ಈ ಸಲ ಬಲೆ ಮತ್ತೆ ಜೊಂಡಿನ ಪಕ್ಕಕ್ಕೆ ಬಂದಿದೆ. ಕೇಳಬೇಡಿ ಎಂದಿದ್ದಾನೆ. ಎರಡು ವಾರದಿಂದ ಏರಿಯ ಮೇಲೆ ಕೂತು, ಅವನು ಎದುರಾದಾಗಲೆಲ್ಲ ಬರೀ ಹವಾಮಾನದ ಮಾತಾಡಿ ಬರುತ್ತಿದ್ದೇನೆ.