ಒಂದು ಮುಷ್ಟಿ ಬೂದಿ

ನಮ್ಮ ಮನೆಯವರು ಲಾಲಪ್ಪ ಮೂವತ್ತು ವರ್ಷ ಶಹಾಬಾದದ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಒಡೆದರು. ಮಾತು ಕಡಿಮೆ. ಹಿತ್ತಲಲ್ಲಿ ಒಂದು ನಿಂಬೆ ಗಿಡ ಹಚ್ಚಿದ್ದರು. ಕಾಯಿ ಹಿಡಿಯಲಿ ಎಂದು ಅಮಾವಾಸ್ಯೆಗೊಮ್ಮೆ ಅದರ ಬುಡಕ್ಕೆ ಒಲೆಯ ಬೂದಿ ಒಂದೇ ಮುಷ್ಟಿ ಹಾಕುತ್ತಿದ್ದರು.

"ಬೂದಿಗೂ ಜಿಪುಣತನ ಏನ್ರಿ?" ಎಂದು ನಾನು ಬೈದರೆ ನಗುತ್ತಿದ್ದರು.

ಅವರು ಹೋದ ಮೇಲೆ ನನಗೆ ಆ ಗಿಡವೇ ಉಳಿಯಿತು. ಚೆನ್ನಾಗಿರಲಿ ಎಂದು ಒಲೆಯ ಬೂದಿಯನ್ನೆಲ್ಲ ದಿನಾ ಅದಕ್ಕೇ ಸುರಿದೆ. ಎರಡು ತಿಂಗಳಲ್ಲಿ ಎಲೆ ಹಳದಿಯಾದವು. ಇದೂ ಹೋಗುತ್ತದೆ ಎಂದು ನನಗೆ ಊಟ ಸೇರಲಿಲ್ಲ.

ಪಕ್ಕದ ಮನೆಯ ಯಂಕಮ್ಮ ಬಂದು ನೋಡಿದಳು. "ಗಿಡಕ್ಕ ಬೂದಿ ಬಳದು ಸಾಧು ಮಾಡ್ಲಿಕತ್ತೀಯೇನವ್ವ? ನಮ್ದು ಮೊದಲೇ ಸುಣ್ಣದ ಭೂಮಿ. ಬೂದಿನೂ ಸುಣ್ಣ ಇದ್ದಂಗ, ಭಾಳ ಆದ್ರ ಗಿಡ ತಡ್ಕೊಳ್ಳಂಗಿಲ್ಲ. ನಿನ್ನ ಗಂಡಗ ಇದು ಗೊತ್ತಿತ್ತು."

ಇಬ್ಬರೂ ಸೇರಿ ಬೂದಿ ಕೆರೆದು ತೆಗೆದೆವು. ಸಗಣಿ ಗೊಬ್ಬರ ಹಾಕಿ ನೀರು ಬಿಟ್ಟೆವು.

ನಿನ್ನೆ ತುದಿಯಲ್ಲಿ ಹಸಿರು ಚಿಗುರು ಕಂಡಿತು. ಅಲ್ಲೇ ಕುಂತು ಅತ್ತೆ. ಆಮೇಲೆ ಹೊಟ್ಟೆ ತುಂಬ ರೊಟ್ಟಿ ತಿಂದೆ.

ಕಾಯಿ ಹಿಡಿಯುವ ಕಾಲಕ್ಕೆ ಮತ್ತೆ ಬೂದಿ ಹಾಕುತ್ತೇನೆ, ಅವರ ಅಳತೆಯಲ್ಲೇ. ಅವರ ಕೈ ದೊಡ್ಡದಿತ್ತು. ಅವರ ಒಂದು ಮುಷ್ಟಿಗೆ ನನ್ನವು ಎರಡು ಬೇಕು.