ಬಾನೆಟ್ಟಿನೊಳಗಿನ ಅಂಗೈ

ಮೇಸ್ತ್ರಿಯ ಬಲ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಎಣ್ಣೆ, ಮಸಿ, ಬಿಸಿ ಕಬ್ಬಿಣ ಎಲ್ಲ ಸೇರಿ ಅದನ್ನು ಸವೆಸಿ, ಹಳೆಯ ಒರಳಿನ ಒಳಮೈಯಷ್ಟು ನುಣುಪು ಮಾಡಿಬಿಟ್ಟಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ತಿಂಗಳು ತಿಂಗಳೂ ಅವರ ಗುರುತು ಹಿಡಿಯದೆ ವಾಪಸು ಕಳಿಸುತ್ತಿತ್ತು. "ಸರ್ಕಾರದ ಪ್ರಕಾರ ನಾನಿನ್ನೂ ಹುಟ್ಟೇ ಇಲ್ಲ ಕಣಕ್ಕಾ" ಎಂದು ಅವರು ಗಟ್ಟಿಯಾಗಿ ನಗುತ್ತಿದ್ದರು. ಅವರು ಆಡುವ ಮಾತೆಲ್ಲ ಗಟ್ಟಿಯಾಗಿಯೇ ಇರುತ್ತಿತ್ತು.

ಲಗ್ಗೆರೆಯಿಂದ ಪೀಣ್ಯದ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ ಅವರ ಕಾರು ರಿಪೇರಿಯ ತಗಡಿನ ಶೆಡ್ಡು. ನಾನು ಮೊದಲು ಹೋದ ಭಾನುವಾರ ಬೆಳಿಗ್ಗೆ ಅಲ್ಲಿ ನಾವು ನಾಲ್ವರಿದ್ದೆವು: ಮೇಸ್ತ್ರಿ, ರಜೆಯ ದಿನವೂ ಮನೆಯಲ್ಲಿ ಕೂರಲಾರದೆ ಬಂದಿದ್ದ ಎದುರಿನ ಲೇತ್ ಅಂಗಡಿಯ ಯಜಮಾನರು, ತಳ್ಳುಗಾಡಿಯಲ್ಲಿ ಟೀ ಮಾರುವ ಅಕ್ಕ, ಮತ್ತೆ ಕಾರಿನ ಕೀಲಿ ಹಿಡಿದು ತಪ್ಪು ಮಾಡಿದವಳಂತೆ ನಿಂತಿದ್ದ ನಾನು. ವಾರದ ಆರು ದಿನ ಆ ಬೀದಿಯಲ್ಲಿ ಲೇತು, ಪ್ರೆಸ್ಸು, ಗ್ರೈಂಡರುಗಳ ಗದ್ದಲ. ಭಾನುವಾರ ಮಾತ್ರ ಶಟರುಗಳೆಲ್ಲ ಇಳಿದು, ಬೀದಿ ಬಾಣಂತಿಯ ಕೋಣೆಯಂತೆ ತೆಪ್ಪಗಿರುತ್ತದೆ. ಇಂಜಿನ್ನಿನ ಕಾಯಿಲೆ ನೋಡಬೇಕಾದರೆ ಮೇಸ್ತ್ರಿ ಯಾರನ್ನಾದರೂ ಭಾನುವಾರವೇ ಬರಹೇಳುತ್ತಿದ್ದರು.

"ಯಾವತ್ತಿಂದ ಇಂಗೆ?" ಎಂದರು, ಡಾಕ್ಟರು ಕೇಳಿದ ಹಾಗೆ, ನನ್ನ ಮುಖವನ್ನೇ ನೋಡುತ್ತ.

"ಎರಡು ವಾರ ಆಯ್ತು. ಓಡ್ವಾಗ ಸರಿಯಾಗೇ ಇರತ್ತೆ. ಸಿಗ್ನಲ್‌ನಲ್ಲಿ ನಿಂತ್ರೆ ಸಾಕು, ಗಡಗಡ ನಡುಗತ್ತೆ. ಒಂದೊಂದ್ಸಲ ನಿಂತೇ ಹೋಗತ್ತೆ."

"ಓಡೋವಾಗ ಎಲ್ರೂ ಚೆನ್ನಾಗೇ ಇರ್ತಾರೆ ಬಿಡಿ. ಸುಮ್ನೆ ನಿಂತ್ಕಂಡಾಗ್ಲೇ ಕಾಯಿಲೆ ಗೊತ್ತಾಗೋದು."

ಅವರು ಹೇಳಿದ್ದು ಕಾರಿನ ಮಾತು. ನನಗೆ ಮಾತ್ರ ಅದು ಬೇರೆಲ್ಲೋ ತಾಗಿತು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುವವಳು. ಸೋಮವಾರದಿಂದ ಶನಿವಾರದ ತನಕ ನಟ್ಟು, ಬೋಲ್ಟು, ಲಾರಿಯವರು, ಜಗಳ. ಹೊತ್ತು ಹೋದದ್ದೇ ತಿಳಿಯದು. ಭಾನುವಾರ ಬಂತೆಂದರೆ ಬಾಡಿಗೆ ಮನೆಯ ಗೋಡೆಗಳೆಲ್ಲ ಒಂದೊಂದು ಹೆಜ್ಜೆ ಒಳಕ್ಕೆ ಬಂದು ನಿಲ್ಲುತ್ತಿದ್ದವು. ಆ ಹಳೆಯ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು. ಅಮ್ಮ ಹೋದ ಮೇಲೆ ಅದಕ್ಕೂ ನನಗೂ ಹೋಗಬೇಕಾದ ಊರೇ ಉಳಿದಿರಲಿಲ್ಲ. ಆದರೂ ಮಾರಲು ಮನಸ್ಸಾಗಲಿಲ್ಲ.

ಮೇಸ್ತ್ರಿ ಬಾನೆಟ್ ಎತ್ತಿ, ಒಂದು ಸ್ಟೀಲ್ ಲೋಟದಲ್ಲಿ ಅರ್ಧ ನೀರು ತುಂಬಿ, ಏರ್ ಫಿಲ್ಟರಿನ ಅಗಲ ಮುಚ್ಚಳದ ಮೇಲೆ ಇಟ್ಟರು. ಇಂಜಿನ್ ಶುರು ಮಾಡಿಸಿದರು. ಲೋಟದ ನೀರು ಕುಣಿಯತೊಡಗಿತು. ಅವರು ಅಂಗೈಯನ್ನು ಇಂಜಿನ್ನಿನ ಪಕ್ಕೆಗೆ ಒತ್ತಿ, ನೀರನ್ನೇ ನೋಡುತ್ತ ನಿಂತರು.

"ಏನ್ ಮೇಸ್ತ್ರಿ, ಗಾಡಿಗೆ ತೀರ್ಥ ಕೊಡ್ತಾ ಇದೀಯಾ?" ಎಂದರು ಲೇತಿನ ಯಜಮಾನರು, ಅವರ ಎದುರಿಗೆ ಬಂದು ನಿಂತು.

"ನಿಂಗೂ ಬೇಕಾ? ಬಾಯ್ ತೆಗಿ."

ಆಮೇಲೆ ಇಕ್ಕಳದಲ್ಲಿ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಸಿಕ್ಕಿಸುತ್ತ ಹೋದರು. ಮೊದಲನೆಯದನ್ನು ಕಿತ್ತಾಗ ಇಂಜಿನ್ ಎಡವಿ ಬಿದ್ದಂತಾಯಿತು. ಎರಡನೆಯದಕ್ಕೂ ಅಷ್ಟೆ. ಮೂರನೆಯದನ್ನು ಕಿತ್ತಾಗ ಏನೂ ಆಗಲಿಲ್ಲ. ಮೊದಲು ಹೇಗೆ ನಡುಗುತ್ತಿತ್ತೋ ಹಾಗೇ ನಡುಗುತ್ತಿತ್ತು.

"ನೋಡಿದ್ರಾ? ಕಿತ್ತರೆ ಇಂಜಿನ್ ನಡುಗ್ಬೇಕು. ಯಾವನ್ನ ಕಿತ್ತರೂ ಇಂಜಿನ್ಗೆ ವ್ಯತ್ಯಾಸವೇ ಆಗಲ್ವೋ, ಅವನು ಕೆಲಸ ಮಾಡ್ತಿಲ್ಲ ಅಂತ."

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತನ್ನು ಹೊರಳಿಸುತ್ತಿದ್ದೆ. ನನ್ನನ್ನು ಕಿತ್ತರೆ ಎಲ್ಲಿ ಏನು ನಡುಗೀತು?

ಅಂದೇ ಇನ್ನೊಂದು ಸಂಗತಿಯಾಗಿತ್ತು. ಇಂಜಿನ್ ಶುರುವಾದ ಕೂಡಲೇ ನನಗೆ ಒಂದು ಸಣ್ಣ ಸದ್ದು ಕೇಳಿಸಿತ್ತು. ಕುಕ್ಕರು ಕೂಗುವುದಕ್ಕೆ ಮೊದಲು ಸುಸ್ಸೆಂದು ಉಸಿರು ಬಿಡುತ್ತದಲ್ಲ, ಅಂಥದು. ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ನಾನು ಅಜ್ಜಿಯ ಮಗ್ಗುಲಲ್ಲಿ ಮಲಗಿ ಮಾತು ಕಲಿತವಳು. "ತಿಳಿದೋರ ಮುಂದೆ ಕಂಡದ್ದನ್ನೆಲ್ಲ ಒದರಬ್ಯಾಡ ಕಣೆ, ಅವರಿಗೆ ನಿನಗಿಂತ ಮುಂಚೇನೆ ಕಂಡಿರ್ತದೆ" ಎಂದು ಆಕೆ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದಳು. ಇಷ್ಟು ದೊಡ್ಡ ಮೇಸ್ತ್ರಿಗೆ ಕೇಳಿಸದ್ದು ನನಗೆ ಕೇಳಿಸೀತೇ ಎಂದು ಸುಮ್ಮನಾದೆ.

ಅವರು ಮೂರನೆಯ ಪ್ಲಗ್ ಬದಲಿಸಿದರು. ನಡುಕ ನಿಲ್ಲಲಿಲ್ಲ. ವೈರು ಬದಲಿಸಿದರು. ಮುಂದಿನ ಭಾನುವಾರ ಕಾರ್ಬುರೇಟರ್ ಬಿಚ್ಚಿ, ತಟ್ಟೆಯಲ್ಲಿ ಪೆಟ್ರೋಲು ಸುರಿದು, ಕೂಸಿಗೆ ಎರೆದಂತೆ ತೊಳೆದು ಕೂರಿಸಿದರು. ಕಾಣುವ ಪೈಪುಗಳನ್ನೆಲ್ಲ ಸವರಿದರು. ಇಲ್ಲ. ಮೂರನೆಯ ಭಾನುವಾರ ಅವರ ಮುಖ ಬಾಡಿತ್ತು.

"ವಾಲ್ವ್ ಹೋಗಿರ್ಬೇಕು ಅಕ್ಕಾ. ಹೆಡ್ ಇಳಿಸ್ಬೇಕು. ಹಳೇ ಗಾಡಿ, ಬಿಚ್ಚಿದ್ಮೇಲೆ ಏನೇನು ಕಾಣ್ತದೋ. ಮತ್ತೆ ಮುಂಚಿನಂಗೆ ಆಗ್ತದೆ ಅಂತ ಮಾತು ಕೊಡಕ್ಕಾಗಲ್ಲ."

ಆಗ ಇಬ್ಬರೇ ಇದ್ದೆವು. ಇಂಜಿನ್ ಇನ್ನೂ ಓಡುತ್ತಿತ್ತು, ಅದರ ಮೇಲೆ ಅದೇ ಲೋಟದ ನೀರು ಕುಣಿಯುತ್ತಿತ್ತು. ಅಮ್ಮ ಕೂತ ಕಾರಿನ ಎದೆ ಬಗೆಯುತ್ತಾರೆ ಎಂಬ ಸಂಕಟಕ್ಕೆ ನನ್ನ ಬಾಯಿಂದ ಮಾತು ಜಾರಿತು: "ಹಾಗಾದ್ರೆ ಮೊದಲಿಂದ ಬರ್ತಿದೆಯಲ್ಲ ಸುಸ್ ಅಂತ, ಅದೂ ವಾಲ್ವ್‌ದೇನಾ?"

ಮೇಸ್ತ್ರಿ ನನ್ನ ತುಟಿಗಳನ್ನು ನೋಡಿದರು. "ಯಾವುದು?"

"ಅದೇ, ಈಗ್ಲೂ ಬರ್ತಿದೆಯಲ್ಲ ಸದ್ದು."

ಅವರು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟರು. ಆಮೇಲೆ, ಅವರಿಂದ ನಾನು ಯಾವತ್ತೂ ಕೇಳಿರದಷ್ಟು ಮೆಲ್ಲಗೆ, "ಎಲ್ಲಿಂದ ಅಂತ ತೋರ್ಸ್ತೀರಾ?" ಎಂದರು.

ಬಗ್ಗಿ, ಕಿವಿಗೊಟ್ಟು, ತೋರಿಸಿದೆ. ಬ್ರೇಕಿನ ಕಡೆಗೆ ಹೋಗುವ ಒಂದು ದಪ್ಪ ರಬ್ಬರ್ ಪೈಪು; ಮೂರನೆಯ ಸಿಲಿಂಡರಿನ ಮಗ್ಗುಲಿಂದಲೇ ಹೊರಡುತ್ತದೆ. ಮೇಲೆ ಹೊಸದರಂತೆ ಕಂಡರೂ, ಬುಡದಲ್ಲಿ, ಕಬ್ಬಿಣಕ್ಕೆ ಅಂಟಿಕೊಂಡ ಕಡೆ ಒಡೆದಿತ್ತು. ಇಂಜಿನ್ ಅಲ್ಲಿಂದ ಕಳ್ಳಗಾಳಿ ಎಳೆಯುತ್ತಿತ್ತು. ಮೇಸ್ತ್ರಿ ಕೈ ತೂರಿಸಿ ಬಿರುಕಿನ ಮೇಲೆ ಹೆಬ್ಬೆರಳು ಒತ್ತಿದರು. ಸುಸ್ಸೆನ್ನುವುದು ನಿಂತಿತು. ಇಂಜಿನ್ ಎರಡು ಸಲ ತಡವರಿಸಿ, ಹಾಲು ಕುಡಿದ ಮಗುವಿನಂತೆ ಸಮಾಧಾನವಾಯಿತು. ಲೋಟದ ನೀರು ನಿಶ್ಚಲ.

ಖುಷಿಯಿಂದ ಚಪ್ಪಾಳೆ ತಟ್ಟಿ ಅವರ ಮುಖ ನೋಡಿದೆ. ಕಣ್ಣಲ್ಲಿ ನೀರು ಆಡುತ್ತಿತ್ತು.

"ಫೋರ್ಜಿಂಗ್ ಶಾಪಲ್ಲಿ ಹದಿನೈದು ವರ್ಷ ಸುತ್ತಿಗೆ ಮಿಷಿನ್ ಮುಂದೆ ನಿಂತಿದ್ದೆ ಅಕ್ಕಾ. ಮೊದ್ಲು ಸಣ್ಣ ಸಣ್ಣ ಸದ್ದು ಹೋದ್ವು. ಕೋಗಿಲೆ ಕೂಗೋದು ನಿಂತೋಯ್ತಲ್ಲ, ಲಗ್ಗೆರೆಲಿ ಮರ ಎಲ್ಲ ಕಡಿದ್ರು, ಅದ್ಕೇ ಇರ್ಬೇಕು ಅಂದ್ಕಂಡಿದ್ದೆ. ಎರಡು ವರ್ಷ ಅಂಗೇ ಅಂದ್ಕಂಡಿದ್ದೆ. ಆಮೇಲೆ ಒಂದಿನ ನನ್ ಮಗಳು, ಅಪ್ಪಾ ಕೋಗಿಲೆ ಎಷ್ಟು ಚೆಂದ ಕೂಗ್ತದೆ ಕೇಳು ಅಂದ್ಳು."

ಈಗ ದಪ್ಪ ಸದ್ದು ಒಂದಿಷ್ಟು ಕೇಳುತ್ತದೆ, ಮಾತನ್ನು ತುಟಿ ನೋಡಿ ಹಿಡಿಯುತ್ತೇನೆ, ಉಳಿದದ್ದಕ್ಕೆ ಅಂಗೈ ಇದೆ ಎಂದರು. ವಾರದ ದಿನಗಳಲ್ಲಿ ಸುತ್ತಲ ಪ್ರೆಸ್ಸುಗಳಿಂದ ನೆಲವೇ ಅದುರಿ ಕೈಗೆ ಗೊಂದಲವಾಗುತ್ತದಂತೆ. ಭಾನುವಾರದ ಗುಟ್ಟು ಅದು.

"ಕಿವುಡ ಮೇಸ್ತ್ರಿ ಅಂತ ಗೊತ್ತಾದ್ರೆ ಒಂದು ಗಾಡಿನೂ ಬರಲ್ಲ. ಮನೇಲೂ ಏಳಿಲ್ಲ. ಯಾರ್ಗೂ ಏಳ್ಬೇಡಿ ಅಕ್ಕಾ."

"ಹೇಳಲ್ಲ" ಎಂದೆ.

ಅಲ್ಲಿಂದಾಚೆ ಭಾನುವಾರಗಳು ನನ್ನ ಮೇಲೆ ಬೀಳುವುದನ್ನು ಬಿಟ್ಟವು. ಎಂಟು ಗಂಟೆಗೆ ಶೆಡ್ಡಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಯಾರದೋ ಗಾಡಿ ಬರುತ್ತದೆ, ಇಂಜಿನ್ ಓಡುತ್ತದೆ. ಮೇಸ್ತ್ರಿ ಅಂಗೈ ಒತ್ತಿ ನನ್ನ ಕಡೆ ತಿರುಗುತ್ತಾರೆ. ನಾನು ಬೆರಳಲ್ಲಿ ಸ್ಟೂಲಿನ ಅಂಚಿಗೆ ಟಿಕ್ ಟಿಕ್ ಎಂದು ತಟ್ಟಿ ತೋರಿಸುತ್ತೇನೆ, ಇಲ್ಲವೇ ತುಟಿ ಸುರುಟಿ ಗಾಳಿ ಊದಿದಂತೆ ಮಾಡುತ್ತೇನೆ. "ಟ್ಯಾಪೆಟ್ ಸಾರ್, ಸಡಿಲ ಆಗ್ಬಿಟ್ಟದೆ" ಎಂದು ಅವರು ಗಿರಾಕಿಗೆ ಗತ್ತಿನಿಂದ ಹೇಳುತ್ತಾರೆ. ಬರಬರುತ್ತ ಬೇರಿಂಗಿನ ಗುರುಗುಟ್ಟುವಿಕೆ, ಬೆಲ್ಟಿನ ಕೀರಲು ಎಲ್ಲ ನನಗೆ ಬಿಡಿಬಿಡಿಯಾಗಿ ಕೇಳತೊಡಗಿದವು. ನಲವತ್ತೊಂಬತ್ತರ ವಯಸ್ಸಿನಲ್ಲಿ ನನಗೆ ಕಿವಿ ಚುಚ್ಚಿದವರು ಅವರು ಎಂದರೂ ತಪ್ಪಲ್ಲ. ಕೆಲಸ ಮುಗಿದರೆ ಅವರು ಕೋಗಿಲೆಯ ಕಾಲದಲ್ಲಿ ಹುಬ್ಬು ಹಾರಿಸಿ ಕೇಳುತ್ತಿದ್ದರು: ಕೂಗ್ತಾ? ನಾನು ತಲೆಯಾಡಿಸುತ್ತಿದ್ದೆ. ಒಮ್ಮೊಮ್ಮೆ ಕೂಗದಿದ್ದರೂ ಆಡಿಸಿದ್ದುಂಟು.

ಒಂದು ಸಲ ಜ್ವರ ಹಿಡಿದು ಎರಡು ಭಾನುವಾರ ಹೋಗಲಾಗಲಿಲ್ಲ. ಸೋಮವಾರ ಸಂಜೆ ಗೇಟು ಅಲುಗಿದಂತಾಯಿತು. ಕಿಟಕಿಯಿಂದ ನೋಡಿದರೆ ಮೇಸ್ತ್ರಿ. ಬೆಲ್ ಒತ್ತಿದರೆ ಒಳಗಿನ ಉತ್ತರ ತಿಳಿಯದಲ್ಲ. ಗೇಟಿನ ಸರಳಿನ ಮೇಲೆ ಅಂಗೈಯಿಟ್ಟು, ನನ್ನ ಹೆಜ್ಜೆಗೆ ಕಾಯುತ್ತ ನಿಂತಿದ್ದರು. ಕೈಯಲ್ಲಿ ಎರಡು ಮೂಸಂಬಿ. ಬೀದಿಗೆಲ್ಲ ಕೇಳುವಂತೆ ಹೇಳಿದರು: "ನಿಮ್ ವೈರು ಕಿತ್ತೋದ್ರೆ ನಮ್ ಇಂಜಿನ್ ನಡುಗ್ತದೆ ಕಣಕ್ಕಾ! ಒಂದ್ ಮಾತು ಏಳ್ಬಾರ್ದಾ?"

ಅಮ್ಮ ಹೋದ ಮೇಲೆ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಆ ಋಣವನ್ನು ಯಾವ ತಕ್ಕಡಿಯಲ್ಲಿ ತೂಗಲಿ.

ಹೋದ ವರ್ಷ ಅವರು ತೀರಿಕೊಂಡರು. ಎದೆನೋವು ಎಂದು ಮಧ್ಯಾಹ್ನ ಮನೆಗೆ ಹೋದವರು ಸಂಜೆಯ ಹೊತ್ತಿಗೆ ಇರಲಿಲ್ಲ. ಹನ್ನೊಂದನೆಯ ದಿನ ಅವರ ಮನೆಯ ಮುಂದೆ ಶಾಮಿಯಾನದಡಿ ಲೇತಿನ ಯಜಮಾನರು, ಟೀ ಅಕ್ಕ, ನಾನು ಒಂದೇ ಸಾಲಿನಲ್ಲಿ ಕೂತಿದ್ದೆವು. ಯಜಮಾನರು ಅತ್ತಿತ್ತ ನೋಡಿ ನನ್ನ ಕಡೆ ಬಾಗಿದರು.

"ಒಂದು ವಿಷ್ಯ ಹೇಳ್ತೀನಿ ಮೇಡಂ, ಇಲ್ಲೇ ಇರ್ಲಿ. ಮೇಸ್ತ್ರಿಗೆ ಕಿವಿ ಕೇಳಿಸ್ತಿರ್ಲಿಲ್ಲ. ನಂಗೊಬ್ನಿಗೇ ಗೊತ್ತಿತ್ತು. ಅದ್ಕೇ ಮಾತಾಡೋವಾಗ ಎದುರಿಗೇ ಹೋಗಿ ನಿಲ್ತಿದ್ದೆ."

ಟೀ ಅಕ್ಕ ಇತ್ತ ಕಡೆಯಿಂದ ಕತ್ತು ಹೊರಳಿಸಿದಳು. "ಅಯ್ಯೋ, ನಿಮ್ಗೂ ಗೊತ್ತಿತ್ತಾ? ನಾನು ಒಂದಿನಾನೂ ಕೂಗಿ ಕರ್ದೋಳಲ್ಲ. ಟೀ ಇಟ್ಟು ಬಾನೆಟ್ ತಟ್ಟಿ ಬರ್ತಿದ್ದೆ. ಪಾಪ, ತಿಳಿದ್ರೆ ನೊಂದ್ಕಳ್ತಾನೆ ಅಂತ."

ಒಳಗಿನಿಂದ ಬಂದ ಅವರ ಹೆಂಡತಿ ನಮ್ಮ ಮಾತು ಕೇಳಿಸಿಕೊಂಡು ನಿಂತರು. "ನಂಗ್ ಗೊತ್ತಿರ್ಲಿಲ್ವಾ?" ಎಂದರು. "ಹನ್ನೆರಡು ವರ್ಷದಿಂದ ನಮ್ಮನೇಲಿ ಎಲ್ಲಾರೂ ಅವ್ರ ಮುಂದೆ ಬಂದೇ ಮಾತಾಡೋದು. ಅವ್ರಾಗೇ ಹೇಳ್ಲಿ ಅಂತ ಕಾಯ್ತಿದ್ವಿ." ಸೆರಗಿನಲ್ಲಿ ಮುಖ ಒರೆಸಿ, "ಬನ್ನಿ, ಎಲೆ ಹಾಕವ್ರೆ" ಎಂದರು. ಎದ್ದು ಹೋಗಿ ಊಟಕ್ಕೆ ಕೂತೆವು. 

ಎರಡು ವಾರ ಕಳೆದು ಲೇತಿನ ಯಜಮಾನರ ಫೋನು ಬಂತು. ಒಂದಿಷ್ಟು ಹೊತ್ತು ಮಳೆ, ಮೆಟ್ರೊ ಎಂದು ಏನೇನೋ ಮಾತಾಡಿದರು. ಆಮೇಲೆ, "ಮೇಡಂ, ನಂಗೂ ಎಡಗಿವಿ ಅಷ್ಟಕ್ಕಷ್ಟೆ. ಫೋನ್‌ನ ಬಲಗಡೆಗೇ ಹಿಡ್ಕೊಂಡಿದೀನಿ. ಯಾರಿಗೂ ಹೇಳಿಲ್ಲ" ಎಂದರು.

ಸೋಮವಾರ ರಜೆ ಹಾಕಿ ಅವರನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯೊಳಗೆ ಕೂರಿಸಿ, ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಬೇಕು ಎಂದು ಹೇಳಿ ಬಾಗಿಲು ಹಾಕಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಅವರು ಒಂದು ಸಲ ಕೈ ಎತ್ತಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೊಂದು ಸಲ ಎತ್ತಿದರು.